ಕವಾಯತಿಗೂ ಓಟಕ್ಕೂ ಒಬ್ಬರೇ ಮೇಷ್ಟರೇ?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಸರ್ಕಾರಿ ಪ್ರೌಢಶಾಲೆಗಳಿಗೆ ಇನ್ನಷ್ಟು ಎನ್‌ಸಿಸಿ (ರಾಷ್ಟ್ರೀಯ ಕೆಡೆಟ್ ದಳ) ಘಟಕಗಳು ಬೇಕೆಂಬ ಮಾತು ನಮ್ಮ ಕರಾವಳಿಯಲ್ಲಿ ಆಗಾಗ ಕೇಳಿಬರುತ್ತದೆ. 2020ರ ಸ್ವಾತಂತ್ರ್ಯೋತ್ಸವ ಭಾಷಣದಲ್ಲಿ ಪ್ರಧಾನಿಯವರು ಗಡಿ ಮತ್ತು ಕರಾವಳಿಯ 173 ಜಿಲ್ಲೆಗಳಲ್ಲಿ ಒಂದು ಲಕ್ಷ ಹೊಸ ಕೆಡೆಟ್‌ಗಳನ್ನು ಸೇರಿಸಿಕೊಳ್ಳುವ ಯೋಜನೆಯನ್ನು ಪ್ರಕಟಿಸಿದ ಮೇಲಂತೂ ಈ ಬೇಡಿಕೆಗೆ ಬಲ ಬಂದಿದೆ. ಬೇಡಿಕೆ ನ್ಯಾಯವಾದದ್ದೇ. ಆದರೆ ಘಟಕ ಸಿಕ್ಕ ಶಾಲೆಗಳಲ್ಲಿ ಅಥ್ಲೆಟಿಕ್ಸ್ ತರಬೇತಿಯ ಗತಿ ಏನಾಗಿದೆ ಎಂದು ಯಾರೂ ವಿಚಾರಿಸುತ್ತಿಲ್ಲವೆಂಬುದು, ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದು ನಿವೃತ್ತನಾದ ನನ್ನ ಕಳವಳ.

1948ರ ಕಾಯ್ದೆಯಂತೆ ನಡೆಯುವ ಎನ್‌ಸಿಸಿಯಲ್ಲಿ ಶಾಲಾಮಕ್ಕಳದು ಕಿರಿಯ ವಿಭಾಗ. ಹತ್ತನೆಯ ತರಗತಿಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಇರುವುದರಿಂದ ಎಂಟು ಮತ್ತು ಒಂಬತ್ತನೆಯ ತರಗತಿಗಳಲ್ಲೇ ಎರಡು ವರ್ಷದ ತರಬೇತಿ ಮುಗಿಸಿ, ನಿಗದಿತ ಹಾಜರಾತಿ ಇರುವ ಮಕ್ಕಳನ್ನು ‘ಎ’ ಪ್ರಮಾಣಪತ್ರದ ಪರೀಕ್ಷೆಗೆ ಕೂರಿಸುವುದು ರೂಢಿ. ಇದನ್ನು ನಡೆಸುವ ಸಹಾಯಕ ಎನ್‌ಸಿಸಿ ಅಧಿಕಾರಿ ಹೊರಗಿನವರಲ್ಲ, ಅದೇ ಶಾಲೆಯ ಶಿಕ್ಷಕರು. ಪುರುಷರಾದರೆ ನಾಗಪುರದ ಬಳಿಯ ಕಾಮ್ಟಿಗೆ, ಮಹಿಳೆಯರಾದರೆ ಗ್ವಾಲಿಯರ್‌ಗೆ ಹೋಗಿ ತರಬೇತಿ ಪಡೆದು ಬರಬೇಕು. ನಾನು ಕಂಡಂತೆ ಮುಖ್ಯೋಪಾಧ್ಯಾಯರ ಕಣ್ಣು ಮೊದಲು ಬೀಳುವುದು ಪಿ.ಟಿ. ಮೇಷ್ಟರ ಮೇಲೆಯೇ. ಗಣಿತದ ಶಿಕ್ಷಕರನ್ನು ಅಷ್ಟು ದಿನ ಬಿಟ್ಟುಕೊಡಲು ಒಪ್ಪದವರು ದೈಹಿಕ ಶಿಕ್ಷಕರನ್ನು ನಿಶ್ಚಿಂತೆಯಿಂದ ಕಳುಹಿಸುತ್ತಾರೆ. ಅವರ ತರಗತಿ ಯಾರ ಲೆಕ್ಕಕ್ಕೂ ಇಲ್ಲವಲ್ಲ!

ಹೀಗೆ ಬೆಳಗಿನ ಪ್ರಾರ್ಥನೆ, ಆಟೋಟ, ಕವಾಯತು, ಹತ್ತು ದಿನಗಳ ವಾರ್ಷಿಕ ಶಿಬಿರ, ರಾಷ್ಟ್ರೀಯ ಹಬ್ಬಗಳ ಪಥಸಂಚಲನ, ಹೋಬಳಿ ಮತ್ತು ತಾಲ್ಲೂಕು ಕ್ರೀಡಾಕೂಟಗಳ ತಯಾರಿ ಎಲ್ಲವೂ ಒಬ್ಬರ ತಲೆಗೇ ಬರುತ್ತವೆ. ಕ್ರೀಡಾಕೂಟದ ದಿನಗಳಿಗೂ ಶಿಬಿರದ ದಿನಗಳಿಗೂ ತಿಕ್ಕಾಟವಾದಾಗ ಸೋಲುವುದು ಸಾಮಾನ್ಯವಾಗಿ ಕ್ರೀಡಾಕೂಟವೇ, ಏಕೆಂದರೆ ಶಿಬಿರಕ್ಕೆ ಕೆಡೆಟ್‌ಗಳನ್ನು ಕಳುಹಿಸದಿದ್ದರೆ ಬೆಟಾಲಿಯನ್‌ನಿಂದ ಪತ್ರ ಬರುತ್ತದೆ, ಓಟಕ್ಕೆ ಮಗು ಹೋಗದಿದ್ದರೆ ಯಾರೂ ಕೇಳುವುದಿಲ್ಲ.

ಕವಾಯತು ಮಾಡುವ ಮಕ್ಕಳಿಗೆ ಬೇರೆ ವ್ಯಾಯಾಮವೇಕೆ ಎಂದು ಕೇಳುವವರಿದ್ದಾರೆ. ಅಧಿಕಾರಿಗಳ ಬಾಯಲ್ಲೂ ಇದನ್ನು ಕೇಳಿದ್ದೇನೆ. ಎರಡೂ ದೇಹಕ್ಕೆ ಸಂಬಂಧಿಸಿದ್ದಾದರೂ ಕೇಳುವುದು ಬೇರೆ ಬೇರೆಯನ್ನು. ಕವಾಯತಿನಲ್ಲಿ ‘ತೇಜ್ ಚಲ್’ (ಬಿರುಸಾಗಿ ನಡೆ) ಎಂದಾಗ ಇಡೀ ದಳ ಒಂದೇ ಅಳತೆಯ ಹೆಜ್ಜೆಯಿಡಬೇಕು. ಹರ್ಡಲ್ಸ್ ಓಡುವ ಹುಡುಗಿಗಾದರೋ ಒಂದು ತಡೆಯಿಂದ ಇನ್ನೊಂದಕ್ಕೆ ತನ್ನ ಕಾಲಿಗೆ ಹೊಂದುವ ಹೆಜ್ಜೆಗಳ ಲೆಕ್ಕವನ್ನು ತಿಂಗಳುಗಟ್ಟಲೆ ಕುದುರಿಸಿಕೊಳ್ಳಬೇಕಾಗುತ್ತದೆ. 4x100 ರಿಲೇಯಲ್ಲಿ 30 ಮೀಟರ್ ವಲಯದೊಳಗೆ, ವೇಗ ತಗ್ಗದಂತೆ, ಹಿಂದಿರುಗಿ ನೋಡದೆ ಬೇಟನ್ ಪಡೆಯುವುದು ಕೂಟಕ್ಕೆ ನಾಲ್ಕು ದಿನ ಮೊದಲು ಕಲಿಸಿ ಬರುವ ವಿದ್ಯೆಯಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಹದಿಮೂರು, ಹದಿನಾಲ್ಕರ ಮಕ್ಕಳ ಎಲುಬು ಇನ್ನೂ ಬೆಳೆಯುತ್ತಿರುತ್ತದೆ. ನಮ್ಮ ಕಡೆಯ ಗಟ್ಟಿ ಕೆಂಪುಕಲ್ಲಿನ ಅಂಗಳದಲ್ಲಿ ಬೆಳಿಗ್ಗೆ ಬೂಟು ತೊಟ್ಟು ಹಿಮ್ಮಡಿ ಬಡಿದು ‘ಕದಮ್ ತಾಲ್’ (ನಿಂತಲ್ಲೇ ಹೆಜ್ಜೆ ಹಾಕುವುದು) ಮಾಡಿದ ಮಗುವನ್ನೇ ಸಂಜೆ 400 ಮೀಟರ್ ಓಡಿಸಿದರೆ, ಮೊಣಕಾಲಿನ ಕೆಳಗಿನ ಮುಂಭಾಗದ ಎಲುಬಿನಲ್ಲಿ ನೋವು ಶುರುವಾಗುತ್ತದೆ. ಚೆನ್ನಾಗಿ ಓಡಬಲ್ಲ ಮಕ್ಕಳು ಈ ನೋವನ್ನು ಹೇಳಿಕೊಳ್ಳದೆ ಒಂದು ವರ್ಷ ಓಡಿ, ಮರುವರ್ಷ ಮೈದಾನದಿಂದಲೇ ದೂರವಾದದ್ದನ್ನು ನಾನು ಬಲ್ಲೆ. ಆದ್ದರಿಂದ ಕವಾಯತಿನ ದಿನ ಮತ್ತು ಓಟದ ದಿನ ಬೇರೆಬೇರೆಯಾಗಿರಬೇಕು. ವೇಳಾಪಟ್ಟಿಯಲ್ಲಿ ಹೀಗೆ ಬರೆಯುವುದಕ್ಕೆ ಸರ್ಕಾರಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಕರಾವಳಿಯ ಮಳೆಯದು ಪ್ರತ್ಯೇಕ ಸಮಸ್ಯೆ. ಜೂನ್‌ನಲ್ಲಿ ಶಾಲೆ ಬಾಗಿಲು ತೆರೆದಾಗಿನಿಂದ ಮೈದಾನದಲ್ಲಿ ನೀರು ನಿಂತಿರುತ್ತದೆ, ಉದ್ದಜಿಗಿತದ ಹೊಂಡದ ಮರಳು ಕೊಚ್ಚಿಹೋಗಿರುತ್ತದೆ, ಮಳೆ ಪೂರ್ತಿ ಬಿಡುವ ಮೊದಲೇ ಕೆಳಹಂತದ ಕೂಟಗಳು ಆರಂಭವಾಗುವುದೂ ಉಂಟು. ಬಯಲುಸೀಮೆಯ ಮಕ್ಕಳಿಗೆ ಸಿಗುವ ಅಭ್ಯಾಸದ ತಿಂಗಳುಗಳು ನಮ್ಮ ಮಕ್ಕಳಿಗೆ ಸಿಗುವುದಿಲ್ಲ. ಜಗಲಿಯಲ್ಲಿ ಹಗ್ಗದಾಟ, ಮೆಟ್ಟಿಲು ಹತ್ತಿಳಿಯುವುದು, ಓಟದ ಆರಂಭದ ಭಂಗಿ ಇಷ್ಟನ್ನಾದರೂ ಮಳೆಗಾಲದಲ್ಲಿ ಮಾಡಿಸಬಹುದು, ಮಾಡಿಸಲು ಮೇಷ್ಟರು ಶಾಲೆಯಲ್ಲಿದ್ದರೆ. ಇದೇ ಉಡುಪಿ ಜಿಲ್ಲೆಯ ಸಿದ್ದಾಪುರದಿಂದ ಬಂದ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 400 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದವರು. ಅವರ ಹೆಸರನ್ನು ಪ್ರತಿ ಕ್ರೀಡಾಕೂಟದ ಉದ್ಘಾಟನೆಯಲ್ಲಿ ಭಾಷಣಕಾರರು ಹೇಳುತ್ತಾರೆ. ಎಷ್ಟು ಸರ್ಕಾರಿ ಪ್ರೌಢಶಾಲೆಗಳಲ್ಲಿ ಹರ್ಡಲ್ಸ್‌ಗಳಿವೆ ಎಂದು ಭಾಷಣ ಮುಗಿಸಿ ಇಳಿಯುವಾಗಲಾದರೂ ಒಮ್ಮೆ ಕೇಳಬಹುದಿತ್ತು.

ಎನ್‌ಸಿಸಿಯನ್ನು ಹಳಿಯಲು ನಾನು ಇದನ್ನು ಬರೆಯುತ್ತಿಲ್ಲ. ಮನೆಯಿಂದಾಚೆ ಒಂದು ರಾತ್ರಿಯೂ ಕಳೆಯದ ಹಳ್ಳಿಯ ಹೆಣ್ಣುಮಕ್ಕಳು ಶಿಬಿರದಿಂದ ಮರಳಿದ ಮೇಲೆ ತಲೆಯೆತ್ತಿ ಮಾತನಾಡುವುದನ್ನು ನೋಡಿದ ಯಾರೂ ಅದನ್ನು ಬೇಡವೆನ್ನಲಾರರು. ಸೇನಾ ನೇಮಕಾತಿಯಲ್ಲಿ ಪ್ರಮಾಣಪತ್ರಕ್ಕೆ ಸಿಗುವ ಹೆಚ್ಚುವರಿ ಅಂಕವೂ ಬಡ ಮಕ್ಕಳಿಗೆ ಸಣ್ಣ ವಿಷಯವಲ್ಲ. ನನ್ನ ತಕರಾರು ಇರುವುದು ಒಂದು ಕೆಲಸಕ್ಕೆ ಮಂಜೂರಾದ ಹುದ್ದೆಯಿಂದ ಎರಡು ಕೆಲಸ ತೆಗೆಯುವುದರ ಬಗ್ಗೆ. ಘಟಕ ಮಂಜೂರಾದ ಶಾಲೆಯಲ್ಲಿ ದೈಹಿಕ ಶಿಕ್ಷಕರನ್ನು ಬಿಟ್ಟು ಬೇರೆ ವಿಷಯದ, ಆಸಕ್ತಿಯುಳ್ಳ ಶಿಕ್ಷಕರನ್ನು ಎನ್‌ಸಿಸಿಗೆ ನೇಮಿಸಬೇಕು. ಅದು ಸಾಧ್ಯವೇ ಇಲ್ಲವೆಂದಾದರೆ, ದೈಹಿಕ ಶಿಕ್ಷಕರು ತರಬೇತಿಗೋ ಶಿಬಿರಕ್ಕೋ ಹೋದ ಅವಧಿಗೆ ಅತಿಥಿ ಶಿಕ್ಷಕರನ್ನು ಕೊಡಬೇಕು. ದೈಹಿಕ ಶಿಕ್ಷಕರೇ ಇಲ್ಲದ ಶಾಲೆಗಳಲ್ಲಿ ಮೊದಲು ಆ ಹುದ್ದೆ ತುಂಬಲಿ, ಘಟಕದ ಮಾತು ಆಮೇಲೆ ಬರಲಿ.

ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರೂ ಎನ್‌ಸಿಸಿ ಬೆಟಾಲಿಯನ್‌ನ ಅಧಿಕಾರಿಗಳೂ ಮೇ ತಿಂಗಳಲ್ಲೇ ಒಟ್ಟಿಗೆ ಕುಳಿತು, ಶಿಬಿರಗಳ ಮತ್ತು ಕ್ರೀಡಾಕೂಟಗಳ ದಿನಾಂಕಗಳನ್ನು ಒಂದೇ ಪಟ್ಟಿಯಲ್ಲಿ ಹಾಕಿ, ಶಾಲೆ ಆರಂಭವಾಗುವ ಹೊತ್ತಿಗೆ ಪ್ರತಿ ಪ್ರೌಢಶಾಲೆಗೂ ತಲುಪಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ಕುಂದಾಪುರ ತಾಲ್ಲೂಕು, ಉಡುಪಿ ಜಿಲ್ಲೆ