ಮಗಳಿಗೊಂದು ಪತ್ರ: ಇಳಿದ ತೂಕವನ್ನು ಕಾಯುವ ಕೆಲಸ

ಸೋಮವಾರಪೇಟೆ,
ಆಗಸ್ಟ್ ತಿಂಗಳ ಎರಡನೆಯ ವಾರ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಕಳೆದ ಭಾನುವಾರ ಊಟ, ಆಫೀಸು, ಮಳೆ ಎಂದು ಎಲ್ಲವನ್ನೂ ಮಾತನಾಡಿ ಮುಗಿಸಿ ಇನ್ನೇನು ಫೋನ್ ಇಡಬೇಕು ಎನ್ನುವಾಗ ನೀನು ತಗ್ಗಿದ ದನಿಯಲ್ಲಿ ಒಂದು ಮಾತು ಹೇಳಿದೆ. "ಎರಡೂವರೆ ಕೆ.ಜಿ. ವಾಪಸ್ ಬಂದಿದೆಯಮ್ಮಾ, ಹುತ್ತರಿ ಹಬ್ಬಕ್ಕೆ ಬರಬೇಕೋ ಬೇಡವೋ ಅನ್ನಿಸುತ್ತಿದೆ" ಎಂದೆ. ನಾನು "ಅಷ್ಟೇ ತಾನೇ, ಬಿಡು" ಎಂದುಬಿಟ್ಟೆ. ಆ ರಾತ್ರಿ ಮಲಗಿದ ಮೇಲೆ, ಅದು ನಿನಗೆ ಸಲ್ಲಬೇಕಾದ ಉತ್ತರವಲ್ಲ ಎಂದು ಮನಸ್ಸಿಗೆ ಬಂದಿತು. ಹತ್ತು ತಿಂಗಳು ಪಟ್ಟುಹಿಡಿದು ಹದಿನಾರು ಕೆ.ಜಿ. ಇಳಿಸಿದವಳಿಗೆ ಎರಡೂವರೆ ಕೆ.ಜಿ. ಎಂದರೆ ಏನು ಎಂಬುದು ಈ ಮನೆಯಲ್ಲಿ ನನಗಿಂತ ಚೆನ್ನಾಗಿ ಬೇರೆ ಯಾರಿಗೂ ಗೊತ್ತಿಲ್ಲ. ಆದುದರಿಂದ ಈ ಪತ್ರ.

ನೀನು ಪಿ.ಯು.ಸಿ. ಓದುತ್ತಿದ್ದ 2011ರಲ್ಲಿ ನಾನು ತೂಕ ಇಳಿಸಿದ್ದು ನಿನಗೆ ನೆನಪಿರಬಹುದು. ನಗರದ ಒಂದು ಕೇಂದ್ರಕ್ಕೆ ಹಣ ಕಟ್ಟಿ, ಅವರು ಬರೆದುಕೊಟ್ಟ ಪಟ್ಟಿಯಂತೆ ಐದು ತಿಂಗಳು ಸೌತೆಕಾಯಿ, ಮಜ್ಜಿಗೆ, ಎರಡು ಚಪಾತಿ ಎಂದು ಬದುಕಿ, 78 ಕೆ.ಜಿ.ಯಿಂದ 66ಕ್ಕೆ ಬಂದೆ. ಕೊನೆಯ ದಿನ ಅವರು ನನ್ನ ಫೋಟೋ ತೆಗೆದುಕೊಂಡರು, ಅಭಿನಂದಿಸಿದರು, ಬೀಳ್ಕೊಟ್ಟರು. ಮಾರನೆಯ ದಿನದಿಂದ ಏನು ಮಾಡಬೇಕು ಎಂಬುದನ್ನು ಮಾತ್ರ ಒಬ್ಬರೂ ಹೇಳಲಿಲ್ಲ. ಕೆಲಸ ಮುಗಿಯಿತು ಎಂದು ನಾನೂ ತಿಳಿದೆ. ಒಂದೂವರೆ ವರ್ಷದೊಳಗೆ ನನ್ನ ತೂಕ 80 ಆಗಿತ್ತು. ಹೊಲಿಸಿಕೊಂಡ ಹೊಸ ರವಿಕೆಗಳನ್ನು ಪೆಟ್ಟಿಗೆಯ ಅಡಿಗೆ ಹಾಕಿ, ನಾಲಿಗೆ ಕಟ್ಟಲಾರದವಳು ನಾನು ಎಂದು ನನ್ನನ್ನೇ ಹಳಿದುಕೊಂಡು ಕೆಲವು ವರ್ಷ ಕಳೆದೆ. ಇವತ್ತು ನನಗೆ ಬೇಸರ ತರುವುದು ತೂಕ ಮರಳಿದ್ದಲ್ಲ, ಆ ಹಳಿದುಕೊಂಡ ವರ್ಷಗಳು. ನೀನು ಆ ದಾರಿ ಹಿಡಿಯಬಾರದು.

ಹಾಗೆ ಹೇಳುವುದಕ್ಕೆ ಕಾರಣವಿದೆ. 2016ರಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾದ ಮೇಲೆ ನಾನು ಈ ವಿಷಯವನ್ನು ಶ್ರದ್ಧೆಯಿಂದ ಓದತೊಡಗಿದೆ. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಜೊತೆಗಾರರ ಒಂದು ಅಧ್ಯಯನ ಪ್ರಕಟವಾಗಿತ್ತು. ತೂಕ ಇಳಿಸುವ ದೂರದರ್ಶನ ಸ್ಪರ್ಧೆಯೊಂದರಲ್ಲಿ ಭಾಗವಹಿಸಿದ್ದ 14 ಜನರನ್ನು ಅವರು ಆರು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದ್ದರು. ಸ್ಪರ್ಧೆಯಲ್ಲಿ ಸರಾಸರಿ 58 ಕೆ.ಜಿ. ಕಳೆದುಕೊಂಡಿದ್ದ ಅವರಲ್ಲಿ ಸರಾಸರಿ 41 ಕೆ.ಜಿ. ಮರಳಿತ್ತು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಅವರ ದೇಹ ಸುಮ್ಮನೆ ಕುಳಿತಾಗ ಖರ್ಚು ಮಾಡುವ ಶಕ್ತಿಯು, ಅಷ್ಟೇ ಗಾತ್ರದ ಇನ್ನೊಬ್ಬರಲ್ಲಿ ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಾಗಿತ್ತು, ಆರು ವರ್ಷ ಕಳೆದರೂ ಸರಿಹೋಗಿರಲಿಲ್ಲ. ಅವರಂತೆ ಅತಿವೇಗದಲ್ಲಿ, ಅತಿಯಾಗಿ ಇಳಿಸದ ನಮ್ಮಂಥವರಲ್ಲಿ ಈ ವ್ಯತ್ಯಾಸ ಅಷ್ಟು ದೊಡ್ಡದಿರಲಾರದು, ಆದರೆ ದಿಕ್ಕು ಅದೇ.

ಹಸಿವಿನ ಕಥೆಯೂ ಹಾಗೆಯೇ. 2011ರಲ್ಲಿ ಮೆಲ್ಬರ್ನ್‌ನ ಸಂಶೋಧಕರು ಹತ್ತು ವಾರ ಕಟ್ಟುನಿಟ್ಟಿನ ಪಥ್ಯದಲ್ಲಿದ್ದ 50 ಜನರನ್ನು ಗಮನಿಸಿದ್ದರು. ಹೊಟ್ಟೆ ತುಂಬಿತು ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್‌ನಂಥ ಹಾರ್ಮೋನುಗಳು ಇಳಿದಿದ್ದವು, ಹಸಿವನ್ನು ಕೆರಳಿಸುವ ಗ್ರೆಲಿನ್ ಏರಿತ್ತು, ಒಂದು ವರ್ಷದ ನಂತರವೂ ಅವು ಹಳೆಯ ಸ್ಥಿತಿಗೆ ಮರಳಿರಲಿಲ್ಲ. ಇದನ್ನು ಓದಿದ ದಿನ ನಾನು ಅಡುಗೆಮನೆಯ ಮಣೆಯ ಮೇಲೆ ಕುಳಿತು ಅತ್ತೆ. 2012ರ ಉದ್ದಕ್ಕೂ ರಾತ್ರಿ ಹತ್ತು ಗಂಟೆಗೆ ನನ್ನನ್ನು ಎಬ್ಬಿಸುತ್ತಿದ್ದ ಹಸಿವು ಸುಳ್ಳಾಗಿರಲಿಲ್ಲ, ಅದು ನನ್ನ ಚಪಲವೂ ಆಗಿರಲಿಲ್ಲ.

ನಮ್ಮ ತೋಟದಲ್ಲಿ ನೀನು ಕಂಡದ್ದೇ ಇದು. ಕೊಯ್ಲು ಮುಗಿದು ಕಾಫಿ ಗಿಡದ ರೆಂಬೆಗಳನ್ನು ಸವರಿದ ಮೇಲೆ, ಮಳೆ ಬಿದ್ದದ್ದೇ ತಡ, ಬುಡದಿಂದಲೂ ಕಾಂಡದಿಂದಲೂ ಕಂಬಚಿಗುರು ನುಗ್ಗಿ ಬರುತ್ತದೆ. ಬೇರು ಹಳೆಯದು, ಅದು ಹಳೆಯ ಗಾತ್ರದ ಗಿಡವನ್ನೇ ಸಾಕಲು ನೋಡುತ್ತದೆ. ನಿಮ್ಮ ಅಪ್ಪ ಆ ಚಿಗುರನ್ನು ಕಂಡು ಗಿಡದ ಮೇಲೆ ಸಿಟ್ಟಾದದ್ದನ್ನು ನೀನು ನೋಡಿದ್ದೀಯಾ? ಬೆರಳುದ್ದ ಇರುವಾಗಲೇ ಕೈಯಲ್ಲಿ ಚಿವುಟಿ ಹಾಕುತ್ತಾರೆ, ತಿಂಗಳೆರಡು ತಿಂಗಳು ಬಿಟ್ಟು ಮತ್ತೆ ಸುತ್ತು ಬರುತ್ತಾರೆ. ಒಂದು ವರ್ಷ ಆಳು ಸಿಗದೆ ಬಿಟ್ಟ ಪಟ್ಟೆಯಲ್ಲಿ ಮರುವರ್ಷ ಕತ್ತಿ ಹಿಡಿಯಬೇಕಾಯಿತು.

ನಿನ್ನ ಎರಡೂವರೆ ಕೆ.ಜಿ. ಈಗ ಬೆರಳುದ್ದದ ಚಿಗುರು, ಮಗಳೇ. ನಾನು ಫೋನಿನಲ್ಲಿ "ಬಿಡು" ಎಂದದ್ದು ಅದಕ್ಕಾಗಿಯೇ ತಪ್ಪು. ನಾಚಿಕೊಳ್ಳಬೇಕಾದದ್ದೂ ಅಲ್ಲ, ಬಿಡಬೇಕಾದದ್ದೂ ಅಲ್ಲ.

ಇಳಿಸುವ ಕೆಲಸ ಮತ್ತು ಉಳಿಸಿಕೊಳ್ಳುವ ಕೆಲಸ ಎರಡೂ ಬೇರೆ ಬೇರೆ ಎಂಬುದನ್ನು ನಾನು ಬಹಳ ತಡವಾಗಿ ಕಲಿತೆ. ಇಳಿಸುವಾಗ ವಾರವಾರವೂ ತೂಕದ ಮುಳ್ಳು ಕೆಳಗೆ ಬರುತ್ತದೆ, ನೋಡಿದವರು ಹೊಗಳುತ್ತಾರೆ, ಆ ಹುರುಪಿನಲ್ಲಿ ಹಸಿವನ್ನೂ ತಡೆದುಕೊಳ್ಳಬಹುದು. ಉಳಿಸಿಕೊಳ್ಳುವಾಗ ಮುಳ್ಳು ಅಲ್ಲಾಡುವುದಿಲ್ಲ, ಹೊಗಳಿಕೆ ನಿಂತಿರುತ್ತದೆ, ಹಸಿವು ಮಾತ್ರ ಇದ್ದೇ ಇರುತ್ತದೆ. ಏನೂ ಆಗದಂತೆ ನೋಡಿಕೊಳ್ಳುವುದೇ ಇಲ್ಲಿ ಕೆಲಸ.

ಅದನ್ನು ಮಾಡಿದವರು ಇಲ್ಲದಿಲ್ಲ. ಅಮೆರಿಕದಲ್ಲಿ 1994ರಲ್ಲಿ ರೀನಾ ವಿಂಗ್ ಮತ್ತು ಜೇಮ್ಸ್ ಹಿಲ್ ಎಂಬ ಇಬ್ಬರು ಸಂಶೋಧಕರು ಇಂಥವರದೇ ಒಂದು ದಾಖಲೆ ಆರಂಭಿಸಿದರು. ಕನಿಷ್ಠ 13.6 ಕೆ.ಜಿ. ಇಳಿಸಿ, ಒಂದು ವರ್ಷವಾದರೂ ಉಳಿಸಿಕೊಂಡವರನ್ನು ಮಾತ್ರ ಅದರಲ್ಲಿ ಸೇರಿಸಿಕೊಳ್ಳುತ್ತಾರೆ. ಹತ್ತು ಸಾವಿರಕ್ಕೂ ಹೆಚ್ಚು ಜನ ಅದರಲ್ಲಿದ್ದಾರೆ. ಅವರು ಇಳಿಸಿದ ಬಗೆಗಳು ನೂರೆಂಟು, ಆದರೆ ಉಳಿಸಿಕೊಂಡ ಬಗೆ ಬಹುಪಾಲು ಒಂದೇ ತೆರನಾದುದು: ನಾಲ್ವರಲ್ಲಿ ಮೂವರು ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ, ಹೆಚ್ಚಿನವರು ಬೆಳಗಿನ ತಿಂಡಿ ಬಿಡುವುದಿಲ್ಲ, ದಿನಕ್ಕೆ ಸರಾಸರಿ ಒಂದು ಗಂಟೆ ಮೈ ಬಗ್ಗಿಸುತ್ತಾರೆ, ಅದೂ ಹೆಚ್ಚಾಗಿ ನಡಿಗೆಯಲ್ಲಿ. ಗೆದ್ದವರನ್ನು ಮಾತ್ರ ಕೇಳಿ ಬರೆದ ದಾಖಲೆಯಾದುದರಿಂದ, ಹೀಗೆ ಮಾಡಿದವರೆಲ್ಲ ಗೆಲ್ಲುತ್ತಾರೆ ಎಂದು ಅದರಿಂದ ಹೇಳಲಾಗದು. ಆದರೂ ಅಲ್ಲಿ ಕಂಡ ಒಂದು ಸಂಗತಿ ನನಗೆ ಧೈರ್ಯ ಕೊಟ್ಟಿತು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಉಳಿಸಿಕೊಂಡವರಲ್ಲಿ ತೂಕ ಮರಳುವ ಸಂಭವ ಬಹಳಷ್ಟು ಕಡಿಮೆಯಾಗುತ್ತದೆ. ನೀನಿನ್ನೂ ಮೊದಲ ವರ್ಷದಲ್ಲಿದ್ದೀಯೆ, ಅತಿ ಕಷ್ಟದ ಕಾಲ ಇದೇ.

ನಾನು ಮಾಡುವುದನ್ನು ಹೇಳುತ್ತೇನೆ. ಗೋದಾಮಿನ ಬಾಗಿಲ ಪಕ್ಕದಲ್ಲಿ ಕಾಫಿ ಚೀಲ ತೂಗುವ ಯಂತ್ರ ಇದೆಯಲ್ಲ, ಪ್ರತಿ ಸೋಮವಾರ ಬೆಳಿಗ್ಗೆ ಹಾಲು ಕಾಯಿಸುವುದಕ್ಕೆ ಮೊದಲು ಅದರ ಮೇಲೆ ನಿಲ್ಲುತ್ತೇನೆ. ಬರಿಗಾಲಿಗೆ ಕಬ್ಬಿಣ ಕೊರೆಯುತ್ತದೆ, ಮಳೆಗಾಲದಲ್ಲಿ ಅದರ ಮೇಲೆ ತೆಳ್ಳಗೆ ನೀರು ಕೂತಿರುತ್ತದೆ, ಮೊದಲು ಗೋಣಿತಾಟಿನಿಂದ ಒರೆಸಬೇಕು. ಬಂದ ಅಂಕಿಯನ್ನು, ಆಳುಗಳ ಹಾಜರಿ ಬರೆಯುವ ಹಳೆಯ ಚೆಕ್‌ರೋಲ್ ಪುಸ್ತಕದ ಕೊನೆಯ ಹಾಳೆಗಳಲ್ಲಿ ತಾರೀಕಿನ ಎದುರು ಬರೆಯುತ್ತೇನೆ. 71 ದಾಟಿದರೆ ಆ ವಾರವೇ ರಾತ್ರಿಯ ಊಟದಲ್ಲಿ ಒಂದು ರೊಟ್ಟಿ ಕಡಿಮೆ ಮಾಡಿ ಪಲ್ಯ ಹೆಚ್ಚಿಸುತ್ತೇನೆ, 71ರ ಕೆಳಗೆ ಇಳಿಯುವವರೆಗೆ ಅದು ಮುಂದುವರಿಯುತ್ತದೆ. ಉಪವಾಸ ಮಾಡುವುದಿಲ್ಲ. ಒಂದೇ ದಿನದ ಅಂಕಿಗೆ ಬೆಲೆಯನ್ನೂ ಕೊಡುವುದಿಲ್ಲ, ಏಕೆಂದರೆ ಉಪ್ಪಿನಕಾಯಿ ತಿಂದ ಮರುದಿನ ನೀರಿನಿಂದಲೇ ಒಂದು ಕೆ.ಜಿ. ಏರುವುದುಂಟು. ಸತತ ಮೂರು ವಾರ ಯಾವ ಕಡೆಗೆ ಸಾಗುತ್ತಿದೆ ಎಂಬುದನ್ನೇ ನೋಡಬೇಕು.

ಈ ಪುಸ್ತಕದಲ್ಲಿ ಒಂದು ಕಡೆ ಎಂಟು ವಾರ ಖಾಲಿ ಇದೆ. ಅದು 2018ರ ಆಗಸ್ಟ್. ಆ ವೇಳೆಗೆ ನಾನು 69ಕ್ಕೆ ಬಂದಿದ್ದೆ. ಗುಡ್ಡ ಕುಸಿದು, ದಾರಿಗಳು ಮುಚ್ಚಿ, ಮಕ್ಕಂದೂರು ಕಡೆಯ ನೆಂಟರು ನಮ್ಮ ಮನೆಯಲ್ಲಿದ್ದ ಆ ದಿನಗಳಲ್ಲಿ ಹದಿನಾಲ್ಕು ಜನರಿಗೆ ಬೇಯಿಸುತ್ತಾ, ನಿದ್ದೆಗೆಟ್ಟು, ಸಿಕ್ಕಿದ್ದನ್ನು ಸಿಕ್ಕ ಹೊತ್ತಿಗೆ ತಿನ್ನುತ್ತಾ ಯಂತ್ರದ ಹತ್ತಿರವೂ ಹೋಗಲಿಲ್ಲ. ಅಕ್ಟೋಬರಿನಲ್ಲಿ ನೋಡಿದರೆ 73. ಅಂದು ನಾನು 2012ರಂತೆ ಎಲ್ಲವನ್ನೂ ಕೈಬಿಡಬಹುದಿತ್ತು. ಬಿಡಲಿಲ್ಲ, ಅಂಕಿ ಬರೆದೆ, ಮರುದಿನ ನಡೆಯಲು ಹೋದೆ. ಆ ನಾಲ್ಕು ಕೆ.ಜಿ. ಇಳಿಯಲು ಏಳು ತಿಂಗಳು ಹಿಡಿಯಿತು. ಅಂದಿನಿಂದ 69 ಮತ್ತು 71ರ ನಡುವೆ ಇದ್ದೇನೆ.

ನಡಿಗೆಯ ವಿಷಯದಲ್ಲಿ ನಮ್ಮ ಊರು ಸುಲಭದ್ದಲ್ಲ ಎಂಬುದು ನಿನಗೆ ತಿಳಿದೇ ಇದೆ. ಬೆಳಗಿನ ಜಾವ ಆನೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮಳೆಯ ಜೊತೆಗೆ ಜಿಗಣೆ. ಹೀಗಾಗಿ ತಿಂಡಿಯಾದ ಮೇಲೆ ಒಂಬತ್ತಕ್ಕೆ ಕಣದಲ್ಲೇ ನಡೆಯುತ್ತೇನೆ, ಮಳೆ ಬಿಡದ ದಿನ ಗೋದಾಮಿನೊಳಗೆ ಗೋಡೆಯಿಂದ ಗೋಡೆಗೆ ಅರ್ಧ ಗಂಟೆ, ಸಂಜೆ ಇನ್ನರ್ಧ ಗಂಟೆ. ನಿನಗೆ ಅಲ್ಲಿ ಆನೆಯಿಲ್ಲ, ಆದರೆ ರಾತ್ರಿ ಹತ್ತರವರೆಗೆ ಮೀಟಿಂಗ್ ಇದೆ. ನಿನ್ನ ಮಳೆಗಾಲ ಯಾವುದು ಎಂದು ಮೊದಲೇ ಕಂಡುಕೊಂಡು, ಆ ದಿನಗಳಿಗೆ ಬೇರೆಯೇ ಏರ್ಪಾಡು ಮಾಡಿಟ್ಟುಕೊಳ್ಳಬೇಕು. ಎಲ್ಲ ಅನುಕೂಲವಾಗಿರುವ ದಿನಕ್ಕೆಂದು ಮಾಡಿಕೊಂಡ ಕ್ರಮ ಅನುಕೂಲವಿಲ್ಲದ ಮೊದಲ ವಾರದಲ್ಲೇ ಮುರಿಯುತ್ತದೆ. ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮವನ್ನೂ ಬಿಡಬೇಡ. ತೂಕದ ಜೊತೆ ಮಾಂಸಖಂಡವೂ ಕರಗಿರುತ್ತದೆ, ಅದನ್ನು ಮರಳಿ ಕಟ್ಟಿಕೊಳ್ಳಬೇಕು.

ಊಟದಲ್ಲಿ ನಮ್ಮ ಕಡೆಯ ತೊಡಕು ಅಕ್ಕಿ. ಕಡುಬು, ರೊಟ್ಟಿ, ನೂಲ್‌ಪುಟ್ಟು, ಪಾಪುಟ್ಟು ಎಂದು ಹೆಸರು ಬದಲಾಗುತ್ತದೆ, ಒಳಗಿರುವುದು ಅಕ್ಕಿಯೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ನಾವು ತಿನ್ನುವ ಒಟ್ಟು ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇ. 45ನ್ನು ಮೀರಬಾರದು. ಇದಕ್ಕಾಗಿ ನೀನು ಊರಿನ ಊಟ ಬಿಡಬೇಕಾಗಿಲ್ಲ. ಬೈಂಬಳೆ ಎನ್ನುವ ಎಳೆ ಬಿದಿರು, ಅಣಬೆ, ಕೆಸುವಿನ ಸೊಪ್ಪು, ಹುರುಳಿ ಸಾರು, ಮೊಟ್ಟೆ ಎಲ್ಲ ಇಲ್ಲಿಯವೇ. ತಟ್ಟೆಯಲ್ಲಿ ಅವನ್ನು ಮೊದಲು ಬಡಿಸಿಕೊಂಡು, ಉಳಿದ ಜಾಗಕ್ಕೆ ಎರಡು ಕಡುಬು ಇಟ್ಟುಕೊಂಡರೆ ಸಾಕು. ಹಂದಿ ಸಾರನ್ನೂ ನಾನು ಬಿಟ್ಟಿಲ್ಲ, ಹಬ್ಬಕ್ಕೆ ತಿನ್ನುತ್ತೇನೆ, ಮನಸ್ಸಿಟ್ಟು ತಿನ್ನುತ್ತೇನೆ. ಜೀವಮಾನವಿಡೀ ಪಾಲಿಸಲಾಗದ ಪಥ್ಯವನ್ನು ಒಂದು ದಿನವೂ ಹಿಡಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಿನ್ನ ಗೆಳತಿ ಹೇಳಿದ ಕ್ಯಾಪ್ಸೂಲ್ ಬೇಡ. ಗಾರ್ಸಿನಿಯಾ ಎಂದು ಡಬ್ಬಿಯ ಮೇಲೆ ಬರೆದಿರುವುದು ನಮ್ಮ ಕಾಚಂಪುಳಿಯ ಹಣ್ಣಿನದೇ ಸಾರ. 1998ರಲ್ಲಿ 135 ಜನರ ಮೇಲೆ ಹನ್ನೆರಡು ವಾರ ನಡೆದ ಪರೀಕ್ಷೆಯಲ್ಲಿ ಅದನ್ನು ನುಂಗಿದವರಿಗೂ ಔಷಧವಿಲ್ಲದ ಹುಸಿಗುಳಿಗೆ ನುಂಗಿದವರಿಗೂ ತೂಕದಲ್ಲಿ ವ್ಯತ್ಯಾಸ ಕಾಣಲಿಲ್ಲ, ಯಕೃತ್ತಿಗೆ ತೊಂದರೆಯಾದ ಪ್ರಕರಣಗಳೂ ವರದಿಯಾಗಿವೆ. ಕಾಚಂಪುಳಿ ಸಾರಿಗೆ ಹಾಕುವುದಕ್ಕೆ ಇರಲಿ.

ತೂಕ ಇಳಿಸುವ ಚುಚ್ಚುಮದ್ದಿನ ಮಾತು ಬೇರೆ. ಅದು ನಿಜವಾಗಿ ಕೆಲಸ ಮಾಡುವ ಔಷಧ, ಅದನ್ನು ತೆಗೆದುಕೊಳ್ಳುವುದು ನಾಚಿಕೆಯ ಸಂಗತಿಯಲ್ಲ. ಆದರೆ 2022ರಲ್ಲಿ ಪ್ರಕಟವಾದ ವರದಿಯಂತೆ, ಸೆಮಾಗ್ಲುಟೈಡ್ ಎಂಬ ಅಂಥ ಚುಚ್ಚುಮದ್ದನ್ನು ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೆಯ ಎರಡು ಭಾಗ ಒಂದೇ ವರ್ಷದಲ್ಲಿ ಮರಳಿತ್ತು. ಹಾಗಾಗಿ "ಮೂರು ತಿಂಗಳು ತೆಗೆದುಕೊಂಡು ಬಿಡುತ್ತೇನೆ" ಎಂಬ ಲೆಕ್ಕ ಅದಕ್ಕೆ ಒಪ್ಪುವುದಿಲ್ಲ. ಬೇಕೆನಿಸಿದರೆ ವೈದ್ಯರ ಬಳಿ ಕುಳಿತು, ಎಷ್ಟು ವರ್ಷ, ಎಷ್ಟು ಖರ್ಚು, ನಿಲ್ಲಿಸಿದ ಮೇಲೆ ಏನು ಎಂದು ಮೂರನ್ನೂ ಕೇಳು.

ಇನ್ನು ಹುತ್ತರಿ. ಮೇ ತಿಂಗಳ ಮದುವೆಯಲ್ಲಿ ನಿನ್ನನ್ನು ಹಾಡಿ ಹೊಗಳಿದವರೇ ಈಗ ಏನಾದರೂ ಅಂದಾರು ಎಂಬ ಅಂಜಿಕೆ ನಿನ್ನದು. ಅಂದರೆ ಅನ್ನಲಿ, ನಾನಿರುತ್ತೇನೆ. ನಿನ್ನ ದೇಹದ ಬಗ್ಗೆ ಈ ಮನೆಯ ಜಗಲಿಯಲ್ಲಿ ಯಾರೂ ಮಾತನಾಡಬಾರದು ಎಂದು ಚಿಕ್ಕಮ್ಮನಿಗೂ ಅತ್ತೆಗೂ ಈಗಾಗಲೇ ಹೇಳಿದ್ದೇನೆ. ಮೇ ತಿಂಗಳಲ್ಲಿ ನಾನೂ ಅವರ ಜೊತೆ ಸೇರಿ "ಎಷ್ಟು ಚೆಂದ ಕಾಣುತ್ತೀಯೆ" ಎಂದು ಹತ್ತು ಸಲ ಹೇಳಿದೆ. ಆ ಮಾತು ನಿನ್ನ ಹೆಗಲ ಮೇಲೆ ಹೊರೆಯಾಗಿ ಕೂತದ್ದು ಈಗ ಅರ್ಥವಾಗುತ್ತಿದೆ. ಅದಕ್ಕೆ ಕ್ಷಮೆ ಇರಲಿ.

ಕದಿರು ತೆಗೆಯುವ ರಾತ್ರಿ ನೀನು ಗದ್ದೆಯಲ್ಲಿರಬೇಕು. ತಂಬಿಟ್ಟು ಮಾಡಿರುತ್ತೇನೆ, ಬೇಕಾದಷ್ಟು ತಿನ್ನು. ಬರುವಾಗ ನಡಿಗೆಯ ಷೂ ತಾ, ಕಣದ ಪಾಚಿಯನ್ನು ಆ ವೇಳೆಗೆ ಉಜ್ಜಿಸಿಟ್ಟಿರುತ್ತೇನೆ. ಚೆಕ್‌ರೋಲ್ ಪುಸ್ತಕದಲ್ಲಿ ನನ್ನ ಅಂಕಿಗಳ ಪಕ್ಕದಲ್ಲಿ ಒಂದು ಗೆರೆ ಎಳೆದು ನಿನಗೂ ಜಾಗ ಮಾಡಿದ್ದೇನೆ. ಮುಂದಿನ ಸೋಮವಾರ ಬೆಳಿಗ್ಗೆ ಅಂಕಿ ಕಳುಹಿಸು, ಎಷ್ಟೇ ಇದ್ದರೂ ಬರೆದುಕೊಳ್ಳುತ್ತೇನೆ.

ನಿನ್ನ
ಅಮ್ಮ