ಹಾಸಿಗೆ ಹಿಡಿದವರ ಪಾಲಿಗೆ ಕತ್ತರಿ ಹಾಕಬೇಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ದುಡ್ಡಿನ ಬಿಗಿ ಬಂದಾಗ ಸರಕಾರ ಯಾವ ಖರ್ಚನ್ನು ಸುಲಭವಾಗಿ ಕಡಿಮೆ ಮಾಡಬಹುದು? ಯಾರೂ ಕೇಳದ ಖರ್ಚನ್ನು. ಕಟ್ಟಡದ ಕೆಲಸ ನಿಂತರೆ ಗುತ್ತಿಗೆದಾರರು ಕೇಳುತ್ತಾರೆ. ಆಸ್ಪತ್ರೆಯಲ್ಲಿ ಔಷಧಿ ಇಲ್ಲ ಅಂದರೆ ಪತ್ರಿಕೆಯವರು ಬರುತ್ತಾರೆ. ಮನೆಗೆ ಬರಬೇಕಾದ ನರ್ಸ್ ಬರಲಿಲ್ಲ ಅಂದರೆ? ಹಾಸಿಗೆ ಹಿಡಿದವರಿಗೆ ಧಾರವಾಡದ ಡಿಸಿ ಕಚೇರಿ ಮುಂದೆ ಧರಣಿ ಕೂರಲು ಆಗುವುದಿಲ್ಲ. ಅವರನ್ನು ನೋಡಿಕೊಳ್ಳುವವರು ಮನೆ ಬಿಟ್ಟು ಬರುವಂತಿಲ್ಲ. ಅದಕ್ಕೇ ಈ ಪತ್ರ.

ನಾನು ಕುಂದಗೋಳ ತಾಲ್ಲೂಕಿನವಳು. ನಮ್ಮ ಅಪ್ಪನಿಗೆ ಲಕ್ವಾ ಹೊಡೆದು ಬಲಗಡೆ ಪೂರ್ತಿ ಸ್ವಾಧೀನ ತಪ್ಪಿದೆ. ಹುಬ್ಬಳ್ಳಿಯ ವೈದ್ಯರು ಜೀವ ಉಳಿಸಿದರು, ಆ ಋಣ ದೊಡ್ಡದು. ಡಿಸ್ಚಾರ್ಜ್ ಆದ ಮೇಲೆ ಮಾತ್ರ ಎಲ್ಲ ಮನೆಯವರ ಪಾಲು. ಎರಡೆರಡು ತಾಸಿಗೆ ಮಗ್ಗಲು ತಿರುಗಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣು. ಮೂಗಿನ ಪೈಪಿನಲ್ಲಿ ಗಂಜಿ ಹಾಕುವಾಗ ತಲೆ ಎತ್ತರಕ್ಕಿರಬೇಕು, ತಪ್ಪಿದರೆ ನ್ಯುಮೋನಿಯಾ ಭಯ. ಮೂತ್ರದ ಪೈಪನ್ನು ಕೆಲವು ವಾರಗಳಿಗೊಮ್ಮೆ ಬದಲಿಸಬೇಕು. ಗೊತ್ತಿರುವ ನರ್ಸ್‌ಗೆ ಅದು ಸ್ವಲ್ಪ ಹೊತ್ತಿನ ಕೆಲಸ. ನಾವು ಅದಕ್ಕಾಗಿ ಕಾರು ಬಾಡಿಗೆ ಹಿಡಿದು, ನಾಲ್ಕು ಜನ ಅಪ್ಪನನ್ನು ಎತ್ತಿ ಮಲಗಿಸಿ, ಹುಬ್ಬಳ್ಳಿಗೆ ಹೋಗಿ ಪಾಳಿ ಹಚ್ಚುತ್ತೇವೆ. 108 ತುರ್ತು ಇದ್ದವರಿಗೆ, ಅದು ಸರಿಯೇ. ತಮ್ಮನ ಹೆಂಡತಿ ಅಪ್ಪನ ಸಲುವಾಗಿ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗುವುದನ್ನೇ ಬಿಟ್ಟಿದ್ದಾಳೆ. ಆ ಕೂಲಿ ಯಾವ ಇಲಾಖೆಯ ಲೆಕ್ಕದಲ್ಲೂ ಕಾಣುವುದಿಲ್ಲ.

ಪಾಳಿಯಲ್ಲಿ ಸಿಗುವ ನವಲಗುಂದದವರು, ಶಿರಹಟ್ಟಿಯವರು, ಸವಣೂರಿನವರು ಹೇಳುವುದೂ ಇದನ್ನೇ. ದುಡ್ಡು ಕೈಗೆ ಕೊಡುವುದು ಬೇಡ, ಮನೆಗೆ ಬಂದು ನೋಡುವವರು ಬೇಕು.

ಕಾಗದದ ಮೇಲೆ ಇದು ಇದೆ, ಸರ್. ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲೇ ಬಂತು. ನಡೆಯಲಾಗದ ವೃದ್ಧರನ್ನು ಉಪಕೇಂದ್ರದ ಸಿಬ್ಬಂದಿ ಮನೆಗೇ ಹೋಗಿ ನೋಡಬೇಕು ಅಂತ ಅದರಲ್ಲಿದೆ. ನಿಮ್ಮದೇ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾಯಿತು, ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. 30 ದಾಟಿದವರ ಬಿಪಿ, ಶುಗರನ್ನು ಮನೆ ಬಾಗಿಲಲ್ಲೇ ನೋಡುವುದು ನಿಜಕ್ಕೂ ಒಳ್ಳೆಯ ಕೆಲಸ. ಬಿಪಿ ಇರುವುದು ಮೊದಲೇ ಗೊತ್ತಾಗಿದ್ದರೆ ನಮ್ಮ ಅಪ್ಪ ಇವತ್ತು ಓಡಾಡಿಕೊಂಡು ಇರುತ್ತಿದ್ದರೇನೋ. ಬಾಗಿಲವರೆಗೆ ಬಂದವರು ಒಳಗೆ ಮಲಗಿದವರನ್ನೂ ನೋಡಲಿ.

ಆಯುಷ್ಮಾನ್ ಕಾರ್ಡಿನಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ಅದು ಆಸ್ಪತ್ರೆಯ ಚಿಕಿತ್ಸೆಗೆ. ಮನೆಯಲ್ಲಿ ಮಲಗಿದವರ ಡೈಪರ್, ಬ್ಯಾಂಡೇಜ್, ಪೈಪು, ಗಾಳಿ ಹಾಸಿಗೆ ಎಲ್ಲ ನಮ್ಮ ಕೈಯಿಂದಲೇ. ಹುಣ್ಣು ಕೊಳೆತು ಅಡ್ಮಿಟ್ ಆದರೆ ಸರಕಾರ ಬಿಲ್ ಕಟ್ಟುತ್ತದೆ, ಹುಣ್ಣೇ ಆಗದಂತೆ ನೋಡುವ ನರ್ಸ್‌ಗೆ ದುಡ್ಡಿಲ್ಲ ಅನ್ನುತ್ತದೆ. ಇದನ್ನು ಉಳಿತಾಯ ಅನ್ನುವುದು ಹೇಗೆ?

ದಯವಿಟ್ಟು ಈ ಕೆಲಸವನ್ನೂ ಆಶಾ ಅಕ್ಕಂದಿರ ತಲೆಗೆ ಕಟ್ಟಬೇಡಿ. 2025ರ ಜನವರಿಯಲ್ಲಿ ಅವರೇ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂರಬೇಕಾಯಿತು. ಪೈಪು ಬದಲಿಸುವುದು ಅವರ ಕೆಲಸವೂ ಅಲ್ಲ. ಕೇರಳ 2008ರಲ್ಲೇ ಇಂಥ ಆರೈಕೆಗೆ ನೀತಿ ಮಾಡಿತು. ಅಲ್ಲಿ ಪಂಚಾಯಿತಿಗಳೇ ದುಡ್ಡು ಇಟ್ಟು ತರಬೇತಿ ಪಡೆದ ನರ್ಸನ್ನು ಮನೆಮನೆಗೆ ಕಳಿಸುತ್ತವೆ. ನಮ್ಮಲ್ಲೂ ಆಗಬಹುದು, ಅಲ್ವಾ?

ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇದಕ್ಕಾಗಿಯೇ ಒಬ್ಬ ನರ್ಸ್ ಕೊಡಿ. ಓಡಾಡುವ ಭತ್ಯೆ, ಬೇಕಾದ ಸಾಮಾನು ಕೊಡಿ. ಬಜೆಟ್ಟಿನಲ್ಲಿ ಮನೆ ಆರೈಕೆಗೆ ಬೇರೆ ಲೆಕ್ಕ ಇಡಿ. ಆಗ ಎಷ್ಟು ಇಟ್ಟಿರಿ, ಎಷ್ಟು ಕಡಿತ ಮಾಡಿದಿರಿ ಅಂತ ನಮಗೂ ಕಾಣುತ್ತದೆ. ಎಲ್ಲ ಕಡೆ ಒಮ್ಮೆಗೇ ಆಗದಿದ್ದರೆ ಕುಂದಗೋಳ, ರೋಣ, ಹಿರೇಕೆರೂರಿನಂಥ ತಾಲ್ಲೂಕುಗಳಿಂದ ಶುರು ಮಾಡಿ. ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ ಅಂತ ಊರಿನ ಆಶಾ ಅಕ್ಕಂದಿರಿಗೆ ಗೊತ್ತಿದೆ. ಕೇಳಿದರೆ ಪಟ್ಟಿ ಬೇಗ ಸಿಗುತ್ತದೆ.

ಇಂತಿ,
ಕುಂದಗೋಳ ತಾಲ್ಲೂಕಿನ ಒಬ್ಬ ಮತದಾರಳು