ಮರಳುಗಾಡಿನ ಹಾವು-ಹಲ್ಲಿಗಳ ಚಿತ್ರಕ್ಕೆ ಬಿಲ ಅಗೆಯಬೇಕಿಲ್ಲ

ಮಾನ್ಯ ಸಂಪಾದಕರೇ,

ದಸರಾ ರಜೆ ಬಂತೆಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಜೈಸಲ್ಮೇರ್ ಕಡೆ ಹೊರಡುವ ಗೆಳೆಯರ ಗುಂಪುಗಳಿಗೆ ಈಗ ಕಡಿಮೆಯಿಲ್ಲ. ಮೊದಲು ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್), ಹದ್ದುಗಳಿಗಾಗಿ ಹೋಗುತ್ತಿದ್ದವರು ಈಗ ಹಾವು, ಓತಿಕ್ಯಾತ, ಹಾವುರಾಣಿಗಳನ್ನೂ ಹುಡುಕುತ್ತಾರೆ. ಇದು ಸಂತೋಷದ ಸಂಗತಿ. ಆದರೆ ಎರಡು-ಮೂರು ದಿನದೊಳಗೆ ಎಲ್ಲವೂ ಸಿಗಲೇಬೇಕೆಂಬ ಆತುರಕ್ಕೆ ಬಿಲಕ್ಕೆ ನೀರು ಹೊಯ್ಯುವುದು, ಗುದ್ದಲಿ ಹಾಕುವುದು, ಪ್ರಾಣಿಯನ್ನು ಹಿಡಿದು ಬೇಕಾದ ದಿಬ್ಬದ ಮೇಲೆ ಕೂರಿಸುವುದು ನಡೆಯುತ್ತಿದೆ. ಹೊರಡುವ ಮುನ್ನ ತಿಳಿದಿರಲೇಬೇಕಾದ ಕೆಲವು ಸಂಗತಿಗಳನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇವೆ.

ಮೊದಲು ಕಾಲದ ವಿಚಾರ. ಜೈಸಲ್ಮೇರ್ ಇರುವ ಥಾರ್ ಮರುಭೂಮಿಯಲ್ಲಿ ಬೇಸಿಗೆಯ ನಡುಹಗಲು ಮರಳಿನ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಡಿಸೆಂಬರ್-ಜನವರಿಯಲ್ಲಿ ಹೆಚ್ಚಿನ ಸರೀಸೃಪಗಳು ನೆಲದೊಳಗೆ ಸುಪ್ತಾವಸ್ಥೆಯಲ್ಲಿರುತ್ತವೆ. ಬಹುಪಾಲು ಪ್ರವಾಸಿಗರು ಹೋಗುವುದು ಆ ಚಳಿಗಾಲದಲ್ಲೇ. ಏನೂ ಕಾಣದಿದ್ದಾಗ ‘ಬಿಲದಲ್ಲಿದೆ, ತೆಗೆಸೋಣ’ ಎಂಬ ಮಾತು ಹುಟ್ಟುತ್ತದೆ. ಮಾರ್ಚ್-ಏಪ್ರಿಲ್ ಅಥವಾ ಆಗಸ್ಟ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಹೋದರೆ ಈ ಪ್ರಶ್ನೆಯೇ ಏಳುವುದಿಲ್ಲ. ಅಲ್ಲಿ ಬೀಳುವುದೇ ಅಲ್ಪ ಮಳೆ, ಅದರ ಹಿಂದೆಯೇ ಹುಳುಹುಪ್ಪಟೆ ಏಳುತ್ತವೆ, ಅವನ್ನು ತಿನ್ನುವವೂ ಹೊರಬರುತ್ತವೆ. ದಸರಾ ರಜೆ ಈ ಅವಧಿಗೆ ಚೆನ್ನಾಗಿ ಹೊಂದುತ್ತದೆ.

ಸಾಂಡಾ ಎಂದು ಕರೆಯುವ ಮುಳ್ಳುಬಾಲದ ಓತಿಯನ್ನು ಮರಳುದಿಬ್ಬಗಳಲ್ಲಿ ಹುಡುಕುವುದು ವ್ಯರ್ಥ. ಅದರ ವಾಸ ಗಟ್ಟಿ ಜಲ್ಲಿನೆಲದ ಬಯಲಿನಲ್ಲಿ. ಓರೆಯಾಗಿ ಇಳಿಯುವ, ಅರ್ಧಚಂದ್ರದಂಥ ಬಾಯಿಯ ಬಿಲಗಳು ಹತ್ತಿರ ಹತ್ತಿರ ಕಂಡರೆ ಅದು ಸಾಂಡಾಗಳ ಬೀಡು. ಒಳಗಿರುವಾಗ ಅದು ಬಾಯಿಗೆ ಮಣ್ಣು ಮುಚ್ಚಿಕೊಳ್ಳುತ್ತದೆ. ಬಿಸಿಲೇರಿದ ಮೇಲೆ ಮಣ್ಣು ಸರಿಸಿ ಮೊದಲು ತಲೆಯಷ್ಟೇ ಹೊರಗಿಡುತ್ತದೆ. ಹಾಗೆ ಬಂದಾಗ ಮೈ ಕಪ್ಪಗಿರುತ್ತದೆ, ಕಾದಂತೆಲ್ಲ ಮಣ್ಣಿನ ತಿಳಿಬಣ್ಣಕ್ಕೆ ತಿರುಗುತ್ತದೆ. ಛಾಯಾಗ್ರಾಹಕರು ಗಮನಿಸಬೇಕಾದದ್ದು ಈ ಬಣ್ಣವನ್ನೇ. ಮೈ ಕಾಯದ ಸಾಂಡಾ ವೇಗವಾಗಿ ಓಡಲಾರದು, ಹಾಗಾಗಿ ನೀವು ದೂರದಲ್ಲಿರುವಾಗಲೇ ಬಿಲ ಸೇರಿಬಿಡುತ್ತದೆ. ತಿಳಿಬಣ್ಣಕ್ಕೆ ಬಂದು ಮೇಯತೊಡಗಿದ್ದು ಹೆಚ್ಚು ಹತ್ತಿರ ಬಿಟ್ಟುಕೊಳ್ಳುತ್ತದೆ. ಬಿಲದಿಂದ 15-20 ಮೀಟರ್ ದೂರದಲ್ಲಿ ಜೀಪು ನಿಲ್ಲಿಸಿ, ಎಂಜಿನ್ ಆರಿಸಿ, ಇಳಿಯದೆ ಅರ್ಧ ಗಂಟೆ ಕಾಯಿರಿ. ಕಿಟಕಿಯ ಮೇಲೆ ಬೀನ್‌ಬ್ಯಾಗ್ (ಕ್ಯಾಮೆರಾಕ್ಕೆ ಆಸರೆಯಾಗುವ ಮೆತ್ತನೆಯ ಚೀಲ) ಇಟ್ಟು 400 ಎಂಎಂ ಲೆನ್ಸ್‌ನಲ್ಲಿ ತೆಗೆದರೆ ಹುಲ್ಲು ಕಚ್ಚುವ ಸಾಂಡಾದ ಹಲ್ಲೂ ಕಾಣುತ್ತದೆ.

ಅದೇ ಬಿಲಕ್ಕೆ ನೀರು ಹೊಯ್ದರೆ ಏನಾಗುತ್ತದೆ? ಒದ್ದೆಯಾದ ಸಾಂಡಾ ಹೊರಬರುತ್ತದೆ, ನಿಜ. ಬಿಲ ಮಾತ್ರ ಕುಸಿಯುತ್ತದೆ. ಗಟ್ಟಿ ನೆಲದಲ್ಲಿ ಇನ್ನೊಂದನ್ನು ತೋಡುವವರೆಗೆ ಆ ಪ್ರಾಣಿಗೆ ಬಿಸಿಲಿನಿಂದಲೂ ಹದ್ದು, ಡೇಗೆ, ನರಿಗಳಿಂದಲೂ ಮರೆಯಿಲ್ಲ. ಇನ್ನೊಂದು ಮಾತನ್ನು ಚಾಲಕರಿಗೂ ಹೇಳಿಬಿಡಿ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ. ಹಿಡಿಯುವುದು, ಅಟ್ಟುವುದು, ಆಮಿಷ ಒಡ್ಡುವುದು, ಇವಕ್ಕೆ ಯತ್ನಿಸುವುದು ಕೂಡ ಬೇಟೆಯೇ.

ದಿಬ್ಬಗಳಲ್ಲಿ ಜಾಡು ಓದುವುದೇ ಮುಖ್ಯ ವಿದ್ಯೆ. ಸೂರ್ಯ ಹುಟ್ಟಿದ ಮೊದಲ ಒಂದು ಗಂಟೆ ಅದಕ್ಕೆ ಹದವಾದ ಹೊತ್ತು. ಓರೆಬೆಳಕಿನಲ್ಲಿ ಪ್ರತಿ ಗೀರಿಗೂ ನೆರಳಿರುತ್ತದೆ. ಬಿಸಿಲೇರಿ ಗಾಳಿ ಎದ್ದರೆ ಎಲ್ಲ ಅಳಿಸಿಹೋಗುತ್ತದೆ. ಬೆರಳು ಗಾತ್ರದ, ಅಂಕುಡೊಂಕಾಗಿ ಉಬ್ಬಿದ, ಎಲ್ಲೂ ತುಂಡಾಗದ ಸಾಲು ಕಂಡರೆ ಅದು ಮರಳುಮೀನು ಎನ್ನುವ ಹಾವುರಾಣಿಯದು. ಅದರ ಮೂತಿ ಬೆಣೆಯಾಕಾರ. ಕೆಳದವಡೆ ಮೇಲ್ದವಡೆಯೊಳಗೆ ಕೂತಿರುವುದರಿಂದ ಬಾಯಿಗೆ ಮರಳು ಹೋಗದು. ಮೇಲ್ಮೈಯಿಂದ ತುಸುವೇ ಕೆಳಗೆ ಈಜುತ್ತ ಸಾಗುತ್ತದೆ. ಸಾಲು ತಟ್ಟನೆ ನಿಂತಲ್ಲೇ ಪ್ರಾಣಿಯೂ ಇರುತ್ತದೆ, ಕೈ ಹಾಕಿದರೆ ಸಿಕ್ಕಿಬಿಡುತ್ತದೆ. ತೊಂದರೆಯಾಗುವುದೂ ಇಲ್ಲೇ. ಬಾಲ ಹಿಡಿದರೆ ಬಾಲ ಕಳಚುತ್ತದೆ, ಅದರಲ್ಲಿ ಕೂಡಿಟ್ಟ ಕೊಬ್ಬೂ ಹೋಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಈ ಪ್ರಾಣಿಯ ಅತ್ಯುತ್ತಮ ಚಿತ್ರವೆಂದರೆ ಮುಸ್ಸಂಜೆಯ ಇಳಿಬೆಳಕಿನಲ್ಲಿ ಕಣ್ಣೆದುರೇ ಮೂಡುತ್ತ ಹೋಗುವ ಆ ಸಾಲಿನದೇ. ದಿಬ್ಬದ ಗಾಳಿಮರೆಯ ಸಡಿಲ ಇಳಿಜಾರಿನ ಬುಡದಲ್ಲಿ ಕುಳಿತು ವಿಡಿಯೊ ತೆಗೆಯಿರಿ.

ಜೈಸಲ್ಮೇರ್ ಜಿಲ್ಲೆಯ ಲೋಂಗೇವಾಲಾದ ಹೆಸರನ್ನೇ ಹೊತ್ತ, 1978ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕಪ್ಪೆತಲೆಯ ಓತಿಕ್ಯಾತ ಇನ್ನೂ ಸೂಕ್ಷ್ಮ. ಬೆದರಿದಾಗ ಅದು ಬಹುದೂರ ಓಡುವುದಿಲ್ಲ. ಮೈ ಚಪ್ಪಟೆ ಮಾಡಿ, ಅಕ್ಕಪಕ್ಕಕ್ಕೆ ಅದುರಿಸಿ, ಕ್ಷಣಗಳಲ್ಲಿ ಮರಳೊಳಗೆ ಇಳಿದುಬಿಡುತ್ತದೆ. ಡೇಗೆಯಿಂದ ಪಾರಾಗಲು ಒಳ್ಳೆಯ ಉಪಾಯ, ಜೀಪಿನ ಚಕ್ರದೆದುರು ಪ್ರಯೋಜನವಿಲ್ಲ. ಆದ್ದರಿಂದ ದಿಬ್ಬದ ಮೇಲೆ ವಾಹನ ಹತ್ತಿಸಬೇಡಿ. ನಡೆಯುವಾಗಲೂ ಒಬ್ಬರ ಹೆಜ್ಜೆಯ ಮೇಲೊಬ್ಬರು ಸಾಲಾಗಿ ನಡೆಯಿರಿ.

ಇನ್ನು ಗರಗಸ ಮಂಡಲ. ಕರ್ನಾಟಕದ ಬಯಲುಸೀಮೆಯಲ್ಲಿ ಇದನ್ನು ನೋಡಿದವರು ‘ನಮಗೆ ಗೊತ್ತಿರುವ ಹಾವು’ ಎಂದುಕೊಳ್ಳುವುದು ಅಪಾಯಕಾರಿ. ನಮ್ಮದು ಸಾಮಾನ್ಯವಾಗಿ ಒಂದಡಿ ಆಸುಪಾಸು, ಅಲ್ಲಿಯ ಉಪಜಾತಿ ಎರಡಡಿ ದಾಟುವುದುಂಟು. ಮರಳಿನ ಮೇಲೆ ಪಕ್ಕಕ್ಕೆ ಎಸೆದುಕೊಂಡು ಸಾಗುವುದರಿಂದ ಜಾಡು ಒಂದೇ ಗೆರೆಯಾಗಿರದೆ ಓರೆಯಾದ ಬಿಡಿಬಿಡಿ ಗೀರುಗಳಾಗಿರುತ್ತದೆ, ಗೀರಿನ ತುದಿ ಕೊಕ್ಕೆಯಂತೆ ಬಾಗಿರುತ್ತದೆ. ಹಗಲು ಪೊದೆಯ ಬುಡದ ಮರಳಲ್ಲಿ ಕಣ್ಣಷ್ಟೇ ಹೊರಗಿಟ್ಟು ಹೂತಿರಬಹುದು. ರಾತ್ರಿ ಕುರುಚಲು ಗಿಡವೇರಿ ಕುಳಿತಿರುವುದೂ ಉಂಟು. ಮೈ ಸುರುಳಿಗಳನ್ನು ಒಂದಕ್ಕೊಂದು ಉಜ್ಜಿ ಚರ್‌ಚರ್ ಸದ್ದು ಮಾಡಿದರೆ ನೀವು ಆಗಲೇ ತೀರಾ ಹತ್ತಿರ ಬಂದಿದ್ದೀರಿ ಎಂದರ್ಥ. ಕನಿಷ್ಠ ಎರಡು ಮೀಟರ್ ಅಂತರ ಇರಲಿ, ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸ್ ಬಿಟ್ಟು 300 ಎಂಎಂ ಬಳಸಿ. ನೆಲಮಟ್ಟದ ಚಿತ್ರಕ್ಕಾಗಿ ಮಲಗುವ ಛಾಯಾಗ್ರಾಹಕರು ಕಾಲಿಗಿಂತ ಮೊಣಕೈಯ ಬಗ್ಗೆ ಎಚ್ಚರವಹಿಸಬೇಕು. ಮಲಗುವ ಮುನ್ನ ಸುತ್ತ ಒಂದೂವರೆ ಮೀಟರ್ ಜಾಗವನ್ನು ಟಾರ್ಚ್ ಬೆಳಕಿನಲ್ಲಿ, ಉದ್ದ ಕೋಲಿನಿಂದ ಕೆದಕಿ ನೋಡಿ. ಒಬ್ಬರು ಚಿತ್ರ ತೆಗೆಯುವಾಗ ಇನ್ನೊಬ್ಬರು ಹಾವಿನಿಂದ ಕಣ್ಣು ಕೀಳಬಾರದು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಭಾರತದ ಪ್ರತಿವಿಷ ನಾಲ್ಕು ಹಾವುಗಳ ವಿಷದಿಂದ ತಯಾರಾಗುತ್ತದೆ, ಆ ವಿಷದ ಬಹುಪಾಲು ಬರುವುದು ತಮಿಳುನಾಡಿನಿಂದ. ಪಶ್ಚಿಮ ರಾಜಸ್ಥಾನದ ಗರಗಸ ಮಂಡಲದ ವಿಷಕ್ಕೆ ಅದು ಸಾಕಷ್ಟು ಹೊಂದುವುದಿಲ್ಲವೆಂದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೇ ತೋರಿಸಿದ್ದಾರೆ. ಮತ್ತೆ ಮತ್ತೆ ಕೊಟ್ಟರೂ ರಕ್ತ ಹೆಪ್ಪುಗಟ್ಟದ ಪ್ರಕರಣಗಳನ್ನು ಜೋಧಪುರದ ವೈದ್ಯರು ದಾಖಲಿಸಿದ್ದಾರೆ. ಹಾಗೆಂದು ಪ್ರತಿವಿಷ ಬೇಡವೆನ್ನುವಂತಿಲ್ಲ, ಇರುವುದು ಅದೊಂದೇ. ಕಚ್ಚಿದರೆ ಉಂಗುರ, ಕಡಗ ತೆಗೆಯಿರಿ. ಆ ಕೈ ಅಥವಾ ಕಾಲನ್ನು ದಬ್ಬೆ ಕಟ್ಟಿ ಅಲುಗದಂತೆ ಮಾಡಿ. ಬಿಗಿದಾರ, ಬ್ಲೇಡು ಬೇಡ. ನೋವಿಗೆಂದು ಆಸ್ಪಿರಿನ್, ಐಬುಪ್ರೊಫೇನ್ ಕೊಡಬೇಡಿ, ರಕ್ತಸ್ರಾವ ಹೆಚ್ಚುತ್ತದೆ. ಆಸ್ಪತ್ರೆಯಲ್ಲಿ ಮಾಡುವ 20 ನಿಮಿಷದ ಹೆಪ್ಪುಗಟ್ಟುವಿಕೆ ಪರೀಕ್ಷೆಗೆ ಒಣಗಿದ, ಶುಭ್ರವಾದ ಗಾಜಿನ ನಳಿಕೆಯೇ ಬೇಕು, ಪ್ಲಾಸ್ಟಿಕ್ಕಿನಲ್ಲಿ ಫಲಿತಾಂಶ ನಂಬುವಂತಿರುವುದಿಲ್ಲ. ಜೈಸಲ್ಮೇರ್‌ನಿಂದ ಜೋಧಪುರ ಸುಮಾರು 280 ಕಿ.ಮೀ. ಹಾಗಾಗಿ ರಾತ್ರಿ ಹುಡುಕಾಟಕ್ಕೆ ಇಳಿದಾಗ ಟ್ಯಾಂಕ್ ತುಂಬಿರಬೇಕು, ಚಾಲಕ ಎಚ್ಚರವಿರಬೇಕು. ಮಲಗುವಾಗ ನೆಲದ ಹಾಸಿಗೆ ಬಿಟ್ಟು ಚಾರ್‌ಪಾಯಿ (ಹಗ್ಗದ ಮಂಚ) ಹತ್ತಿ, ಸೊಳ್ಳೆಪರದೆಯನ್ನು ಸುತ್ತ ಸಿಕ್ಕಿಸಿಕೊಳ್ಳಿ. ಅಲ್ಲಿ ಸಿಂಧ್ ಕಟ್ಟುಹಾವೂ ಇದೆ, ನಿದ್ದೆಯಲ್ಲಿ ಕಟ್ಟುಹಾವು ಕಚ್ಚಿದರೆ ಗೊತ್ತೇ ಆಗದಿರಬಹುದು.

ಕ್ಯಾಮೆರಾದ ಬಗ್ಗೆ ಎರಡೇ ಮಾತು. ಬಯಲಲ್ಲಿ ಲೆನ್ಸ್ ಬದಲಿಸಬೇಡಿ, ಗಾಜಿಗೆ ಕೂತ ಮರಳನ್ನು ಬಟ್ಟೆಯಿಂದ ಒರೆಸಬೇಡಿ, ಬ್ಲೋವರ್‌ನಿಂದ ಊದಿ. ಹೊತ್ತೇರಿದ ಮೇಲೆ ದೂರದ ಚಿತ್ರ ಮಸುಕಾದರೆ ಅದು ಫೋಕಸ್ಸಿನ ತಪ್ಪಲ್ಲ, ನೆಲದಿಂದೇಳುವ ಝಳದ್ದು. ಎಷ್ಟು ವೇಗದ ಶಟರ್ ಇಟ್ಟರೂ ಸರಿಹೋಗದು.

ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ಗಡಿಯ ಕಡೆ ಡ್ರೋನ್ ಒಯ್ಯಬೇಡಿ. ವಿದೇಶಿ ಪಾಸ್‌ಪೋರ್ಟ್ ಇರುವ ಕನ್ನಡಿಗರು ಗಡಿಪ್ರದೇಶಕ್ಕೆ ಹೋಗಬೇಕಿದ್ದರೆ ಜಿಲ್ಲಾಡಳಿತದಲ್ಲಿ ಮೊದಲೇ ವಿಚಾರಿಸಲಿ. ಚಾಲಕರಿಗೆ, ಮಾರ್ಗದರ್ಶಕರಿಗೆ ದಿನದ ಲೆಕ್ಕದಲ್ಲಿ ಧಾರಾಳವಾಗಿ ಕೊಡಿ. ‘ಇಂಥದ್ದು ತೋರಿಸಿದರೆ ಇಷ್ಟು’ ಎಂಬ ಇನಾಮು ಒಡ್ಡಿದ ದಿನವೇ ಗುದ್ದಲಿ ಹೊರಬರುತ್ತದೆ.

ಕೊನೆಯದಾಗಿ ಪತ್ರಿಕೆಗೂ ಒಂದು ವಿನಂತಿ. ನಮ್ಮಲ್ಲಿ ಎರಡು ತಲೆ ಹಾವಿನ ಹೆಸರಲ್ಲಿ ದಂಧೆ ನಡೆಯುವಂತೆ ಅಲ್ಲಿ ಸಾಂಡಾದ ಎಣ್ಣೆಗಾಗಿ ನಡೆಯುತ್ತದೆ. ಆ ಎಣ್ಣೆಗೆ ಹೇಳುವ ಗುಣ ಯಾವುದೂ ಇಲ್ಲ, ಬೇಡಿಕೆ ಮಾತ್ರ ಇದೆ. ಓದುಗರು ಕಳಿಸುವ ಚಿತ್ರ ಪ್ರಕಟಿಸುವಾಗ ಜಿಲ್ಲೆಯ ಹೆಸರಷ್ಟೇ ಹಾಕಿ, ಊರು, ದಾರಿ, ಬಿಲದ ಜಾಗ ಬೇಡ. ಜಾಲತಾಣಕ್ಕೆ ಏರಿಸುವ ಮೂಲಚಿತ್ರದಿಂದ ಜಿಪಿಎಸ್ ಮಾಹಿತಿ ತೆಗೆಸಿ. ಪ್ರಾಣಿಯನ್ನು ಕೈಯಲ್ಲಿ ಹಿಡಿದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ದಯವಿಟ್ಟು ಹಿಂದಿರುಗಿಸಿ, ಕಾರಣವನ್ನೂ ಒಂದು ಸಾಲಿನಲ್ಲಿ ತಿಳಿಸಿ.

ಇಂತಿ,
ಸರೀಸೃಪ ಛಾಯಾಗ್ರಹಣದಲ್ಲಿ ತೊಡಗಿರುವ ಕೆಲವು ಗೆಳೆಯರು
ಮೈಸೂರು